ಕೋಟೆಯ ಬಸ್ಸು, ಕೆಂಗೇರಿಯ ರೈಲು

ಬೆಳಗಿನ ಜಾವ ಹೆಗ್ಗಡದೇವನಕೋಟೆಯ ಬಸ್ ನಿಲ್ದಾಣದಲ್ಲಿ ನಿಂತವರ ಕೈಯಲ್ಲಿ ಸಾಮಾನ್ಯವಾಗಿ ಎರಡು ಚೀಲಗಳಿರುತ್ತವೆ. ಒಂದರಲ್ಲಿ ಬಟ್ಟೆಬರೆ, ಪುಸ್ತಕ. ಇನ್ನೊಂದರಲ್ಲಿ ಮನೆಯಲ್ಲಿ ಕಟ್ಟಿಕೊಟ್ಟ ರಾಗಿಹಿಟ್ಟು, ಹುರುಳಿಕಾಳು, ಉಪ್ಪಿನಕಾಯಿ. ರಜೆ ಮುಗಿಸಿ ಬೆಂಗಳೂರಿಗೆ ಹೊರಟ ಮಗಳು, ಅವಳನ್ನು ಹಾಸ್ಟೆಲಿಗೆ ಬಿಟ್ಟುಬರಲು ಜೊತೆಗೆ ಹೊರಟ ತಂದೆ. ಕಾಲೇಜು ಶುರುವಾಗುವ ದಿನಗಳಲ್ಲಿ ಇಂಥ ಜೋಡಿಗಳಿಗೆ ಇಲ್ಲಿ ಬರವಿಲ್ಲ. ಬಸ್ಸು ಹ್ಯಾಂಡ್‌ಪೋಸ್ಟ್ ತಿರುವಿಗೆ ಬಂದು, ಮಾನಂದವಾಡಿಯಿಂದ ಬರುವ ಹೆದ್ದಾರಿ ಸೇರಿ, ಹಂಪಾಪುರ, ಜಯಪುರ ದಾಟಿ ಮೈಸೂರು ಮುಟ್ಟುವಷ್ಟರಲ್ಲಿ ಸುಮಾರು 50 ಕಿಲೋಮೀಟರ್ ಕಳೆದಿರುತ್ತದೆ. ದಾರಿಯುದ್ದಕ್ಕೂ ಹತ್ತಿ, ಹೊಗೆಸೊಪ್ಪು, ರಾಗಿಯ ಹೊಲಗಳು. ಎಲ್ಲಿಯೂ ರೈಲಿನ ಹಳಿ ಅಡ್ಡ ಬರುವುದಿಲ್ಲ.

ಅಡ್ಡ ಬರುವುದೂ ಇಲ್ಲ, ಉದ್ದಕ್ಕೂ ಇಲ್ಲ. ಮೈಸೂರು ಜಿಲ್ಲೆಯ ಪಶ್ಚಿಮದ ನಾಲ್ಕು ತಾಲ್ಲೂಕುಗಳನ್ನು ತೆಗೆದುಕೊಂಡರೆ ಕೃಷ್ಣರಾಜನಗರಕ್ಕೆ ಮಾತ್ರ ರೈಲಿನ ಭಾಗ್ಯ ಉಂಟು. ಮೈಸೂರು–ಅರಸೀಕೆರೆ ಮಾರ್ಗ ಅಲ್ಲಿ ಹಾದುಹೋಗುತ್ತದೆ. ಹುಣಸೂರು, ಪಿರಿಯಾಪಟ್ಟಣ, ಕೋಟೆಗಳಿಗೆ ಬಸ್ಸೇ ಗತಿ. ಬೆಂಗಳೂರಿನಿಂದ ಮೈಸೂರಿಗೆ ರೈಲು ಬಂದದ್ದು 1882ರಲ್ಲಿ. ಅಲ್ಲಿಂದ ಕೇರಳದ ತಲಶ್ಶೇರಿಗೆ ಹಳಿ ಹಾಕುವ ಮಾತು ದಶಕಗಳಿಂದ ಕಾಗದದ ಮೇಲೆಯೇ ಓಡಾಡುತ್ತಿದೆ. ನಡುವೆ ನಾಗರಹೊಳೆಯ ಕಾಡು, ಆನೆಗಳ ದಾರಿ. ಹಾಗಾಗಿ ಅದು ಕಾಗದದಿಂದ ಇಳಿಯದಿದ್ದರೆ ಕಾಡಿಗೇನೂ ನಷ್ಟವಿಲ್ಲ.

ಹೀಗೆ ಮನೆಯ ಹತ್ತಿರ ರೈಲು ಕಾಣದ ತಾಲ್ಲೂಕಿನ ಮಕ್ಕಳು ದಿನಕ್ಕೆರಡು ಸಲ ರೈಲು ಹತ್ತಿ ಇಳಿಯುವುದು ಬೆಂಗಳೂರಿಗೆ ಹೋದ ಮೇಲೆ. ಅದೂ ಕೂಗದ, ಹೊಗೆಯುಗುಳದ, ಕಂಬಗಳ ಮೇಲೆ ಮತ್ತು ನೆಲದ ಅಡಿಯಲ್ಲಿ ಓಡುವ ರೈಲು.

ಕೊನೆಯ ಹತ್ತು ಮೈಲಿ

ಕೋಟೆಯಿಂದ ಬೆಂಗಳೂರಿಗೆ ಹೋಗುವವರಿಗೆ ಹಿಂದೆ ಭಯವಿದ್ದದ್ದು ದೂರದ್ದಲ್ಲ, ಕೊನೆಯ ಹತ್ತು ಮೈಲಿಯದ್ದು. ಬಿಡದಿ ದಾಟಿದ ಬಸ್ಸು ಕೆಂಗೇರಿಯಲ್ಲಿ ಉಸಿರು ಬಿಗಿಹಿಡಿಯುತ್ತಿತ್ತು. ನಾಯಂಡಹಳ್ಳಿಯಲ್ಲಿ ನಿಂತು, ಸ್ಯಾಟಲೈಟ್ ನಿಲ್ದಾಣದಲ್ಲಿ ಮತ್ತೆ ನಿಂತು, ಸಿರ್ಸಿ ವೃತ್ತದಲ್ಲಿ ತೆವಳಿ ಮೆಜೆಸ್ಟಿಕ್ ಸೇರುವಷ್ಟರಲ್ಲಿ ಮಂಡ್ಯದಲ್ಲಿ ಕುಡಿದ ಕಾಫಿಯ ನೆನಪೂ ಆರಿರುತ್ತಿತ್ತು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಊರಿಂದೂರಿಗಿನ ಹೊತ್ತನ್ನು ಚೆನ್ನಾಗಿಯೇ ಉಳಿಸಿತು. ಆದರೆ ಅಗಲವಾದ ಬಾಟಲಿಗೆ ಗಂಟಲು ಕಿರಿದೇ ಉಳಿದರೆ ಏನಾದೀತು? ಎಲ್ಲ ವಾಹನಗಳೂ ಬೇಗ ಬಂದು ಗಂಟಲಲ್ಲಿ ಸೇರಿಕೊಂಡವು. ಭಾನುವಾರ ಸಂಜೆ ಕಬಿನಿ ಹಿನ್ನೀರಿನ ರೆಸಾರ್ಟುಗಳಿಂದ, ಕೊಡಗಿನಿಂದ ಮರಳುವ ಕಾರುಗಳ ಸಾಲನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಈ ಗಂಟಲಿನ ಮೇಲೆಯೇ ಮೆಟ್ರೊ ಹಾದುಹೋಗಿದೆ. ನಮ್ಮ ಮೆಟ್ರೊದ ಮೊದಲ ರೈಲು ಓಡಿದ್ದು 2011ರ ಅಕ್ಟೋಬರ್ 20ರಂದು, ಬೈಯಪ್ಪನಹಳ್ಳಿ ಮತ್ತು ಮಹಾತ್ಮ ಗಾಂಧಿ ರಸ್ತೆಯ ನಡುವೆ, ಆರು ನಿಲ್ದಾಣಗಳ ಪುಟ್ಟ ದಾರಿಯಲ್ಲಿ. ಆಗ ಅದನ್ನು ಪ್ರಯಾಣ ಎನ್ನುವುದಕ್ಕಿಂತ ಜಾತ್ರೆ ಎನ್ನಬಹುದಿತ್ತು. ಜನ ಮಕ್ಕಳನ್ನು ಕರೆದುಕೊಂಡು ನೋಡಲು ಹೋದರು. 2015ರ ನವೆಂಬರ್‌ನಲ್ಲಿ ರೈಲು ಮೈಸೂರು ರಸ್ತೆಗೆ ಬಂತು. 2016ರ ಏಪ್ರಿಲ್ ಕೊನೆಗೆ ನಗರದ ನಡುವಿನ ಸುರಂಗ ತೆರೆದು ಪೂರ್ವ-ಪಶ್ಚಿಮ ಒಂದಾದವು. 2021ರ ಆಗಸ್ಟ್‌ನಲ್ಲಿ ಕೆಂಗೇರಿ, 2023ರ ಅಕ್ಟೋಬರ್ 9ರಂದು ಚಲ್ಲಘಟ್ಟ. ಅಂದಿನಿಂದ ಚಲ್ಲಘಟ್ಟದಲ್ಲಿ ಹತ್ತಿದವರು ವೈಟ್‌ಫೀಲ್ಡ್‌ವರೆಗೆ 43 ಕಿಲೋಮೀಟರ್ ದೂರವನ್ನು ಒಂದೇ ಆಸನದಲ್ಲಿ ಕುಳಿತು ಹೋಗಬಹುದು, ಆಸನ ಸಿಕ್ಕಿದರೆ.

ಈಗ ಕೋಟೆಯ ಕಡೆಯ ಚೀಲಗಳು ಇಳಿಯುವುದು ಕೆಂಗೇರಿಯಲ್ಲೇ. ಬಸ್ಸು ಬೇಕಾದರೆ ಮುಂದೆ ತೆವಳಿಕೊಂಡು ಹೋಗಲಿ, ರಾಗಿಹಿಟ್ಟಿನ ಚೀಲ ಯಂತ್ರದ ತಪಾಸಣೆಗೆ ಮಲಗಿ ಎದ್ದು ಮೆಟ್ಟಿಲ ಮೇಲೆ ಸಾಗುತ್ತದೆ. ಪಟ್ಟಣಗೆರೆ, ಜ್ಞಾನಭಾರತಿ, ರಾಜರಾಜೇಶ್ವರಿನಗರ ಎಂದು ಧ್ವನಿವರ್ಧಕ ಒಂದೊಂದೇ ಹೆಸರು ಹೇಳುವಾಗ ಕೆಳಗಿನ ಮೈಸೂರು ರಸ್ತೆ ಕಿಟಕಿಯಲ್ಲಿ ಕಾಣುತ್ತಿರುತ್ತದೆ. ಅಲ್ಲಿ ಕಾರು, ಆಟೊ, ಸ್ಕೂಟರು, ಬಸ್ಸುಗಳು ಮೊದಲಿನಂತೆಯೇ ಕಿಕ್ಕಿರಿದು ನಿಂತಿರುತ್ತವೆ. ಮೊದಲ ಸಲ ಬಂದ ಯಾವ ತಂದೆಯಾದರೂ ಕೇಳುವ ಪ್ರಶ್ನೆ ಇದು: ಇಷ್ಟು ಜನ ಮೇಲೆ ಹತ್ತಿದ ಮೇಲೂ ಕೆಳಗೆ ಇಷ್ಟೊಂದು ಗಾಡಿಗಳೇಕೆ?

ಲೆಕ್ಕ ಮತ್ತು ಒರತೆ

ಪ್ರಶ್ನೆ ಸರಳ, ಉತ್ತರ ಅಷ್ಟು ಸರಳವಲ್ಲ. ಮೊದಲು ಲೆಕ್ಕ. ಆರು ಬೋಗಿಗಳ ಒಂದು ಮೆಟ್ರೊ ರೈಲಿನಲ್ಲಿ, ಪೂರ್ತಿ ಕಿಕ್ಕಿರಿಯದೆ, 1,500 ಜನ ಇದ್ದಾರೆಂದು ಇಟ್ಟುಕೊಳ್ಳಿ. ಐದು ನಿಮಿಷಕ್ಕೆ ಒಂದರಂತೆ ಗಂಟೆಗೆ 12 ರೈಲು. ಅಂದರೆ ಒಂದು ದಿಕ್ಕಿನಲ್ಲಿ ಗಂಟೆಗೆ 18,000 ಜನ. ಇಷ್ಟೇ ಜನರನ್ನು ಕಾರಿನಲ್ಲಿ ಒಯ್ಯುವುದಾದರೆ? ಸಿಗ್ನಲ್ಲೇ ಇಲ್ಲದ ಒಳ್ಳೆಯ ರಸ್ತೆಯ ಒಂದು ಸಾಲಿನಲ್ಲಿ ಗಂಟೆಗೆ 1,800 ಕಾರು ಸಾಗಿ, ಕಾರಿಗೆ ಸರಾಸರಿ ಒಂದೂವರೆ ಜನರಿದ್ದರೆ 2,700 ಮಂದಿ. ರೈಲಿಗೆ ಸರಿಗಟ್ಟಲು ಹೆಚ್ಚುಕಡಿಮೆ ಏಳು ಸಾಲು ಬೇಕು, ಒಂದೇ ದಿಕ್ಕಿಗೆ! ಮೈಸೂರು ರಸ್ತೆಯಲ್ಲಿ ಅಷ್ಟು ಸಾಲು ಹುಡುಕಬೇಕಾದರೆ ಎರಡೂ ಬದಿಯ ಅಂಗಡಿ ಮನೆಗಳನ್ನು ಕೆಡವಬೇಕಾದೀತು.

ಆದರೂ ಇಡೀ ನಗರದ ಲೆಕ್ಕದಲ್ಲಿ ರೈಲಿನ ಪಾಲು ಇನ್ನೂ ಚಿಕ್ಕದು. 2025ರ ಆಗಸ್ಟ್ 11ರಂದು, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ಹಳದಿ ಮಾರ್ಗ ಜನರಿಗೆ ತೆರೆದ ದಿನ, ಮೆಟ್ರೊ ಹತ್ತಿದವರ ಸಂಖ್ಯೆ ಮೊದಲ ಬಾರಿಗೆ 10 ಲಕ್ಷ ದಾಟಿತು. ದೊಡ್ಡ ಸಂಖ್ಯೆ ನಿಜ. ಆದರೆ ಬೆಳಿಗ್ಗೆ ಹೋಗಿ ಸಂಜೆ ಬಂದವರನ್ನು ಎರಡು ಸಲ ಎಣಿಸಿದ ಲೆಕ್ಕ ಅದು. ತಲೆ ಎಣಿಸಿದರೆ ಅರ್ಧಕ್ಕೆ ಸಮೀಪ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳೋ, ಒಂದು ಕೋಟಿಯನ್ನು ಎಂದೋ ಮೀರಿವೆ. ಜೊತೆಗೆ ರೈಲು ಹತ್ತಿದವರೆಲ್ಲ ಕಾರು ಬಿಟ್ಟು ಬಂದವರಲ್ಲ. ಬಸ್ಸಿನಿಂದ ಬಂದವರು ಎಷ್ಟೋ ಮಂದಿ. ಒಂದು ಬಸ್ಸಿನ ಅರವತ್ತು ಜನ ರೈಲು ಹತ್ತಿದರೆ ರಸ್ತೆಯಲ್ಲಿ ಉಳಿಯುವ ಜಾಗ ಒಂದು ಬಸ್ಸಿನದು ಮಾತ್ರ.

ಇನ್ನೊಂದು ಕಾರಣ ಕೋಟೆಯ ರೈತರಿಗೆ ಬೇಗ ತಿಳಿಯುತ್ತದೆ. ಒರತೆ ಚೆನ್ನಾಗಿರುವ ಬಾವಿಯಿಂದ ನಾಲ್ಕು ಬಿಂದಿಗೆ ಸೇದಿದರೆ ಬಾವಿಯಲ್ಲಿ ಹಳ್ಳ ಬೀಳುವುದಿಲ್ಲ. ಸುತ್ತಲಿನಿಂದ ನೀರು ಬಸಿದು ಮತ್ತೆ ಅದೇ ಮಟ್ಟಕ್ಕೆ ನಿಲ್ಲುತ್ತದೆ. ರಸ್ತೆಯೂ ಹಾಗೆಯೇ. ನೂರು ಜನ ಸ್ಕೂಟರು ಬಿಟ್ಟು ರೈಲು ಹತ್ತಿ ರಸ್ತೆ ಸ್ವಲ್ಪ ಸಡಿಲವಾದರೆ, ಅಷ್ಟು ಹೊತ್ತು ದಟ್ಟಣೆಗೆ ಹೆದರಿ ಮನೆಯಲ್ಲಿದ್ದವರು, ಸುತ್ತುದಾರಿ ಹಿಡಿದಿದ್ದವರು, ಹತ್ತು ಗಂಟೆಯ ನಂತರ ಹೊರಡುತ್ತಿದ್ದವರು ಆ ಜಾಗಕ್ಕೆ ಬರುತ್ತಾರೆ. ಅಮೆರಿಕದ ನಗರಗಳ ಲೆಕ್ಕ ಹಾಕಿದ ಡುರಾಂಟನ್ ಮತ್ತು ಟರ್ನರ್ ಎಂಬ ಅರ್ಥಶಾಸ್ತ್ರಜ್ಞರು 2011ರಲ್ಲಿ ಹೇಳಿದ್ದೂ ಇದನ್ನೇ: ರಸ್ತೆ ಹೆಚ್ಚಿಸಿದರೆ ಓಡಾಟವೂ ಅಷ್ಟೇ ಪ್ರಮಾಣದಲ್ಲಿ ಹೆಚ್ಚುತ್ತದೆ, ಸಾರ್ವಜನಿಕ ಸಾರಿಗೆ ಹೆಚ್ಚಿಸಿದರೆ ರಸ್ತೆಯ ಮೇಲಿನ ಓಡಾಟ ಕಡಿಮೆಯಾದದ್ದು ಕಾಣಲಿಲ್ಲ.

ಹಾಗಾದರೆ ರೈಲಿಗೆ ಸುರಿದ ಸಾವಿರಾರು ಕೋಟಿ ನೀರಿನಲ್ಲಿ ಹೋಮವೇ? ಅಲ್ಲ ಎನ್ನುವುದಕ್ಕೆ ಅದೇ ಅಮೆರಿಕದಲ್ಲಿ ಒಂದು ಸ್ವಾರಸ್ಯಕರ ಪುರಾವೆ ಇದೆ. 2003ರಲ್ಲಿ ಲಾಸ್ ಏಂಜಲೀಸ್ ನಗರದ ಸಾರಿಗೆ ನೌಕರರು 35 ದಿನ ಮುಷ್ಕರ ಹೂಡಿದರು. ರೈಲು, ಬಸ್ಸು ನಿಂತವು. ಅದು ಕಾರಿನ ಊರು. ರೈಲು ಬಸ್ಸು ಹತ್ತುವವರು ಅಲ್ಲಿ ತೀರ ಕಡಿಮೆ. ಆದರೂ ಹೆದ್ದಾರಿಗಳ ಸರಾಸರಿ ವಿಳಂಬ ಶೇ 47ರಷ್ಟು ಏರಿತೆಂದು ಮೈಕಲ್ ಆಂಡರ್‌ಸನ್ ಎಂಬ ಅರ್ಥಶಾಸ್ತ್ರಜ್ಞ 2014ರಲ್ಲಿ ಲೆಕ್ಕ ಕೊಟ್ಟರು. ರೈಲು ಹತ್ತುವವರು ಕಡಿಮೆಯಿದ್ದರೂ ಅವರು ಹೋಗುವುದು ಅತಿ ದಟ್ಟಣೆಯ ದಾರಿಯಲ್ಲಿ, ಅತಿ ದಟ್ಟಣೆಯ ಹೊತ್ತಿನಲ್ಲಿ. ತುಂಬಿದ ಕೊಡಕ್ಕೆ ಒಂದು ಲೋಟ ಹೆಚ್ಚಾದರೂ ಚೆಲ್ಲುತ್ತದೆ.

ಎರಡು ಮಾತೂ ಒಂದಕ್ಕೊಂದು ವಿರುದ್ಧವಾಗಿ ಕಂಡರೂ ಎರಡೂ ನಿಜ. ರೈಲು ಇಂದು ನಿಂತರೆ ನಾಳೆ ಬೆಳಿಗ್ಗೆ ಮೈಸೂರು ರಸ್ತೆ ಕುತ್ತಿಗೆವರೆಗೆ ತುಂಬುತ್ತದೆ. ರೈಲು ಓಡಿದರೆ ಉಳಿದ ಜಾಗಕ್ಕೆ ಒರತೆ ಬರುತ್ತಲೇ ಇರುತ್ತದೆ. ಟಾಮ್‌ಟಾಮ್ ಸಂಸ್ಥೆಯ ಲೆಕ್ಕದ ಪ್ರಕಾರ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ಹೋಗಲು 2022ರಲ್ಲಿ 29 ನಿಮಿಷ ಬೇಕಿದ್ದರೆ, ಅಷ್ಟೆಲ್ಲ ಹೊಸ ನಿಲ್ದಾಣಗಳು ತೆರೆದ ಮೇಲೂ 2024ರಲ್ಲಿ 34 ನಿಮಿಷ ಬೇಕಾಯಿತು. ಬದಲಾದದ್ದು ರಸ್ತೆಯಲ್ಲ, ರಸ್ತೆಯನ್ನು ನೆಚ್ಚದೆಯೂ ಹೋಗಬಹುದೆಂಬ ಅವಕಾಶ. ಹತ್ತು ಗಂಟೆಯ ಪರೀಕ್ಷೆಗೆ ಎಷ್ಟು ಹೊತ್ತಿಗೆ ಹೊರಡಬೇಕೆಂದು ಬಸ್ಸಿನಲ್ಲಿ ಹೋಗುವ ಹುಡುಗಿ ಊಹಿಸಬೇಕು, ರೈಲಿನಲ್ಲಿ ಹೋಗುವವಳು ಎಣಿಸಿಕೊಳ್ಳಬಹುದು. ರಸ್ತೆಯ ದಟ್ಟಣೆಯನ್ನೇ ಇಳಿಸಿದ ಊರುಗಳು ರೈಲಿನ ಜೊತೆ ಇನ್ನೊಂದು ಕಹಿ ಔಷಧಿಯನ್ನೂ ಕುಡಿದವು. ಸಿಂಗಪುರ 1975ರಲ್ಲಿ, ಲಂಡನ್ 2003ರಲ್ಲಿ ನಗರದ ನಡುಭಾಗಕ್ಕೆ ಕಾರು ತರುವವರಿಂದ ಹಣ ವಸೂಲು ಮಾಡತೊಡಗಿದವು. ಬೆಂಗಳೂರಿನಲ್ಲಿ ರಸ್ತೆ ಬದಿಗೆ ಕಾರು ನಿಲ್ಲಿಸುವುದಕ್ಕೇ ಹಣ ಕೇಳಿದರೆ ಜಗಳವಾಗುತ್ತದೆ.

ಬಿಟ್ಟಿ ಬಸ್ಸು, ದುಡ್ಡಿನ ರೈಲು

ತಂದೆಗೆ ಈ ಪಾಂಡಿತ್ಯಕ್ಕಿಂತ ಮುಖ್ಯವಾದ ಲೆಕ್ಕ ಬೇರೆ ಇದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಮೇಲೆ ಮಗಳು ಕೋಟೆಯಿಂದ ಕೆಂಗೇರಿಯವರೆಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲದೆ ಬರುತ್ತಾಳೆ. ನಗರದ ಸಾಮಾನ್ಯ ಬಿಎಂಟಿಸಿ ಬಸ್ಸಿನಲ್ಲೂ ಅವಳಿಗೆ ಹಣವಿಲ್ಲ. ರೈಲಿಗೆ ಮಾತ್ರ ಕೊಡಬೇಕು. ಅದೂ 2025ರ ಫೆಬ್ರುವರಿ 9ರಿಂದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಕೂಗೆದ್ದ ಮೇಲೆ ಅತಿಯಾಗಿ ಏರಿದ್ದ ಕೆಲವು ದರಗಳನ್ನು ತುಸು ಇಳಿಸಿದರು. ಅಷ್ಟರಲ್ಲಿ ಪ್ರಯಾಣಿಕರೂ ಇಳಿದಿದ್ದರು. ಹಾಸ್ಟೆಲಿನಿಂದ ಕಾಲೇಜಿಗೆ 40 ರೂಪಾಯಿಯ ದೂರವೆಂದಿಟ್ಟುಕೊಂಡರೆ ಹೋಗಿ ಬರಲು 80, ತಿಂಗಳ 24 ದಿನಕ್ಕೆ 1,920 ರೂಪಾಯಿ. ಹೊಗೆಸೊಪ್ಪಿನ ಬೆಲೆ ಬಿದ್ದ ವರ್ಷದಲ್ಲಿ ಅದು ಸಣ್ಣ ಮೊತ್ತವಲ್ಲ.

ಹೀಗಾಗಿ ಸಮಯ ಉಳಿಸುವ ರೈಲು ಹಣ ಕೇಳುತ್ತದೆ, ಹಣ ಕೇಳದ ಬಸ್ಸು ಸಮಯ ತಿನ್ನುತ್ತದೆ. ಎಷ್ಟೋ ಹೆಣ್ಣುಮಕ್ಕಳು ತಾವೇ ಒಂದು ದಾರಿ ಕಂಡುಕೊಂಡಿದ್ದಾರೆ. ಬೆಳಿಗ್ಗೆ, ತರಗತಿ ತಪ್ಪಬಾರದ ಹೊತ್ತಿನಲ್ಲಿ, ರೈಲು. ಸಂಜೆ, ತಡವಾದರೂ ಬೈಯುವವರಿಲ್ಲದಾಗ, ಬಸ್ಸು. ರೈಲು ಯಾರನ್ನು ರಸ್ತೆಯಿಂದ ಎತ್ತಿಕೊಳ್ಳುತ್ತದೆ ಎಂಬುದನ್ನು ಹಳಿಯಷ್ಟೇ ಅಲ್ಲ, ಟಿಕೆಟ್ಟೂ ತೀರ್ಮಾನಿಸುತ್ತದೆ. ಸ್ಕೂಟರಿನ ಪೆಟ್ರೋಲಿಗಿಂತ ರೈಲು ತುಟ್ಟಿಯಾದ ದಿನ ಹುಡುಗರು ಸ್ಕೂಟರು ಹತ್ತುತ್ತಾರೆ, ಅದರಲ್ಲೂ ಇಬ್ಬರಿದ್ದರೆ.

ಕಾಯುವ ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಹಳದಿ ಮಾರ್ಗ ಶುರುವಾದಾಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಅಷ್ಟು ಹೊತ್ತು ನಿಲ್ಲಬೇಕಾದರೆ ಅವಸರದವನು ಮತ್ತೆ ಹೊಸೂರು ರಸ್ತೆಗೇ ಇಳಿಯುತ್ತಾನೆ. ಇನ್ನು ನಿಲ್ದಾಣದಿಂದ ಹಾಸ್ಟೆಲಿನ ಬಾಗಿಲವರೆಗಿನ ಒಂದೆರಡು ಕಿಲೋಮೀಟರ್: ಕಾಲುದಾರಿಯ ಮೇಲೆ ಅಂಗಡಿ, ಅಂಗಡಿಯ ಮುಂದೆ ಬೈಕು, ಪಕ್ಕದಲ್ಲಿ ತೆರೆದ ಚರಂಡಿ. ಅಷ್ಟು ದೂರಕ್ಕೆ ಆಟೊದವರು ಕೇಳುವ ಹಣ ಕೆಲವೊಮ್ಮೆ ಇಡೀ ರೈಲು ಪ್ರಯಾಣದ ದರವನ್ನೂ ಮೀರುತ್ತದೆ.

ಮಗಳನ್ನು ಬಿಟ್ಟ ತಂದೆ ಅದೇ ದಿನ ಹಿಂತಿರುಗುತ್ತಾನೆ. ಖಾಲಿ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಕೆಂಗೇರಿಯಲ್ಲಿ ಇಳಿದು ಮೈಸೂರಿನ ಬಸ್ಸು ಹಿಡಿಯುತ್ತಾನೆ. ಈ ಬಸ್ಸುಗಳಲ್ಲಿ ಅವನಿಗೆ ಟಿಕೆಟ್ ಉಂಟು. ಮೈಸೂರಿನಲ್ಲಿ ಕೋಟೆಯ ಬಸ್ಸು ಸಿಕ್ಕುವಷ್ಟರಲ್ಲಿ ಕತ್ತಲು. ಮಾನಂದವಾಡಿ ರಸ್ತೆಯ ಕಾಡಿನ ಗೇಟು ಆನೆಗಳ ಸಲುವಾಗಿ ಸಂಜೆ ಆರಕ್ಕೇ ಮುಚ್ಚಿರುತ್ತದಾದ್ದರಿಂದ ಆ ಹೊತ್ತಿಗೆ ಹೆದ್ದಾರಿಯಲ್ಲಿ ಕೇರಳದ ಲಾರಿಗಳಿಲ್ಲ, ಬಸ್ಸು ಸಲೀಸಾಗಿ ಓಡುತ್ತದೆ. ಹ್ಯಾಂಡ್‌ಪೋಸ್ಟ್‌ನಲ್ಲಿ ಇಳಿದರೆ ಅವನ ಹಳ್ಳಿ ಇನ್ನೂ ನಾಲ್ಕು ಕಿಲೋಮೀಟರ್. ಆಟೊ ಒಂದೇ ನಿಂತಿದೆ, ಇನ್ನೂ ಮೂವರು ಬಂದರೆ ಹೊರಡುತ್ತಾನಂತೆ. ಅಷ್ಟರಲ್ಲಿ ಮಗಳ ಫೋನು ಬರುತ್ತದೆ: ಊಟ ಆಯಿತು, ನಾಳೆ ಎಂಟೂಕಾಲಿನ ರೈಲು.