ಇನ್ನೂ ಇದೇ ಫೋನಾ?

ಮನೆಗೆ ಬಂದವರು ಟೀಪಾಯಿಯ ಮೇಲಿರುವ ಫೋನಿನತ್ತ ನೋಡಿ, "ಇನ್ನೂ ಇದೇ ಇಟ್ಕೊಂಡಿದ್ದೀರಾ?" ಎಂದು ಕೇಳುತ್ತಾರೆ. ಟೀಪಾಯಿಯ ಬಗ್ಗೆ ಯಾರೂ ಹಾಗೆ ಕೇಳಿದ್ದಿಲ್ಲ. ಅದು ತಾತನ ಕಾಲದ್ದೆಂದು ಗೊತ್ತಾದರೆ ಒಮ್ಮೆ ಸವರಿ, "ಇಂಥ ಮರ ಈಗೆಲ್ಲಿ ಸಿಗುತ್ತೆ ಬಿಡಿ" ಎನ್ನುತ್ತಾರೆ. ಫೋನಿಗೆ ಮಾತ್ರ ಈ ಮರ್ಯಾದೆ ಸಿಕ್ಕಿಲ್ಲ. ನನ್ನದು ಲಾಕ್‌ಡೌನ್ ಕಾಲದಲ್ಲಿ, ಮಕ್ಕಳ ಆನ್‌ಲೈನ್ ಪಾಠಕ್ಕೆಂದು ಮನೆಮನೆಯಲ್ಲೂ ಫೋನು ಕೊಳ್ಳುತ್ತಿದ್ದಾಗ ಕೊಂಡದ್ದು. ಮಾತು ಸ್ಪಷ್ಟವಾಗಿ ಕೇಳುತ್ತದೆ, ಫೋಟೊ ಚೆನ್ನಾಗಿಯೇ ಬರುತ್ತದೆ. ಆದರೆ ಮಧ್ಯಾಹ್ನದ ಊಟದ ಹೊತ್ತಿಗೆ ಚಾರ್ಜು ತಳ ಕಾಣತೊಡಗಿತ್ತು. ಬದಲಾಯಿಸಬೇಕೇ, ಬೇಡವೇ ಎಂಬ ಯೋಚನೆ ಹತ್ತಿದ್ದು ಅಲ್ಲಿಂದ. ಆ ಯೋಚನೆಯ ಬೆನ್ನು ಹತ್ತಿ ಹೋದಂತೆ ನನಗೆ ಮನದಟ್ಟಾದದ್ದು ಇಷ್ಟು: ಫೋನಾಗಲಿ ಕಂಪ್ಯೂಟರಾಗಲಿ ಇಡಿಯಾಗಿ ಒಟ್ಟಿಗೆ ಮುದಿಯಾಗುವುದಿಲ್ಲ. ಯಾವುದೋ ಒಂದು ಭಾಗ ಮೊದಲು ಸೋಲುತ್ತದೆ. ಎಷ್ಟೋ ಸಲ ಆ ಸೋತ ಭಾಗ ಸಾಧನದ ಒಳಗೇ ಇರುವುದಿಲ್ಲ.

ಎಚ್‌ಎಂಟಿ ವಾಚನ್ನೇ ನೋಡಿ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನ ಕಾರ್ಖಾನೆ ಕೈಗಡಿಯಾರ ತಯಾರಿಸಲು ಶುರುಮಾಡಿದ್ದು 1961ರಲ್ಲಿ. ಎಚ್‌ಎಂಟಿ ವಾಚಸ್ ಮುಚ್ಚುವುದೆಂದು ಕೇಂದ್ರ ಸರ್ಕಾರ ತೀರ್ಮಾನಿಸಿದ್ದು 2016ರಲ್ಲಿ. ಹಾಗಿದ್ದರೂ ಅಪ್ಪನ ಜನತಾ ವಾಚಿಗೆ ಬೆಳಿಗ್ಗೆ ಕೀಲಿ ಕೊಟ್ಟರೆ ಮಾರನೆಯ ಬೆಳಿಗ್ಗೆಯವರೆಗೂ ಓಡುತ್ತದೆ. ನಿಂತಿತೆನ್ನಿ, ರಿಪೇರಿಯವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಿಚ್ಚುತ್ತಾರೆ, ತೊಳೆಯುತ್ತಾರೆ, ಸೂಜಿಮೊನೆಯಷ್ಟು ಎಣ್ಣೆ ಬಿಡುತ್ತಾರೆ, ಸವೆದ ಚಕ್ರಕ್ಕೆ ಬದಲಾಗಿ ಇನ್ನಾವುದೋ ಕೆಟ್ಟ ವಾಚಿನ ಚಕ್ರ ಕೂರಿಸುತ್ತಾರೆ. ವೇಳೆ ತೋರಿಸಲು ಆ ವಾಚು ಯಾರ ಅಪ್ಪಣೆಗೂ ಕಾಯಬೇಕಿಲ್ಲ.

ಅದರ ಪಕ್ಕದಲ್ಲಿ 2003ರ, ಸಿಡಿಎಂಎ ಎಂಬ ತಂತ್ರಜ್ಞಾನದ ಫೋನನ್ನು ಇಟ್ಟು ನೋಡಿ. ಮೊದಲಿಗೆ 501 ರೂಪಾಯಿ ಕಟ್ಟಿದರೆ ಕೈಗೆ ಮೊಬೈಲು ಎಂಬ ರಿಲಯನ್ಸ್ ಯೋಜನೆ ಎಷ್ಟೋ ಸಣ್ಣ ಊರಿನ ಅಂಗಡಿಯವರಿಗೆ, ಆಟೊದವರಿಗೆ ಮೊದಲ ಫೋನು ಕೊಡಿಸಿತ್ತು. ಕೈತಪ್ಪಿ ಬಿದ್ದರೂ ಬ್ಯಾಟರಿ ಮತ್ತೆ ಸಿಕ್ಕಿಸಿದರೆ ಮಾತಾಡುತ್ತಿದ್ದ ಗಟ್ಟಿಮುಟ್ಟು ಫೋನುಗಳು ಅವು. ಅವು ಕೆಡಲಿಲ್ಲ. ಕಂಪನಿಗಳು ಒಂದೊಂದಾಗಿ ಸಿಡಿಎಂಎ ಸೇವೆಯನ್ನೇ ನಿಲ್ಲಿಸಿದವು. ಗುಂಡಿ, ಪರದೆ, ಸ್ಪೀಕರು ಎಲ್ಲ ನೆಟ್ಟಗಿದ್ದೂ ಫೋನು ಮೂಕವಾಯಿತು. 2025ರ ಆರಂಭದಲ್ಲಿ ವಾಟ್ಸ್‌ಆ್ಯಪ್ ಆಂಡ್ರಾಯ್ಡ್ 4.4ಕ್ಕೆ ಬಾಗಿಲು ಹಾಕಿದಾಗಲೂ ಆದದ್ದು ಇದೇ. ಹಿಂದಿನ ದಿನ ಮೊಮ್ಮಗನ ಫೋಟೊ ತೋರಿಸಿದ ಫೋನು, ತನ್ನೊಳಗೆ ಏನೂ ಬದಲಾಗದೆಯೇ, ಮರುದಿನ ಹಳತಾಯಿತು. ಹೀಗಾಗಿ ಯಾರಾದರೂ "ಬದಲಾಯಿಸಲೇ?" ಎಂದು ಸಲಹೆ ಕೇಳಿದರೆ ನಾನು ಮೊದಲು ಕೇಳುವುದು, ಏನು ಹಳತಾಗಿದೆ ಎಂದು.

ಬ್ಯಾಟರಿ ಮಾತ್ರ ನಿಜವಾಗಿಯೂ ಸವೆಯುವ ವಸ್ತು. ಲಿಥಿಯಂ ಅಯಾನುಗಳು ಚಾರ್ಜು ಮಾಡುವಾಗ ಒಂದು ಕಡೆ, ಬಳಸುವಾಗ ಇನ್ನೊಂದು ಕಡೆ ಓಡಾಡುತ್ತವೆ. ಪ್ರತಿ ಓಡಾಟದಲ್ಲೂ ಒಂದಿಷ್ಟು ಲಿಥಿಯಂ ಗ್ರಾಫೈಟಿನ ಮೇಲೆ ಪದರವಾಗಿ ಕೂತುಬಿಡುತ್ತದೆ, ಮತ್ತೆ ಕೆಲಸಕ್ಕೆ ಬರುವುದಿಲ್ಲ. ಕೆಲವು ನೂರು ಸಲ ಪೂರ್ತಿ ಚಾರ್ಜು ಆಗಿ ಇಳಿಯುವಷ್ಟರಲ್ಲಿ ಮೊದಲಿದ್ದ ಶಕ್ತಿಯ ಶೇಕಡ 80ರಷ್ಟು ಉಳಿದರೆ ಅದು ಸಹಜವೇ. ಬಿಸಿ ಹೆಚ್ಚಿದಷ್ಟೂ ಈ ಸವೆತ ಬೇಗ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟ ಫೋನು, ರಾತ್ರಿಯಿಡೀ ದಿಂಬಿನಡಿ ಚಾರ್ಜಿಗೆ ಹಾಕಿದ ಫೋನು ಬೇಗ ಸೊರಗುವುದು ಇದಕ್ಕೇ. ಶೇಕಡ 80ಕ್ಕೆ ಚಾರ್ಜು ನಿಲ್ಲಿಸುವ ಸೌಲಭ್ಯ ಈಗ ಬಹಳಷ್ಟು ಫೋನುಗಳ ಸೆಟ್ಟಿಂಗ್ಸ್‌ನಲ್ಲೇ ಇದೆ. ಅದನ್ನು ಹಾಕಿಟ್ಟುಕೊಳ್ಳುವುದು ಒಳ್ಳೆಯದು.

ಬ್ಯಾಟರಿ ಸೊರಗಿದರೆ ಫೋನೇ ಮಂಕಾದಂತೆ ಕಾಣುವುದೂ ಉಂಟು. ಹಳೆಯ ಬ್ಯಾಟರಿಯ ಐಫೋನುಗಳು ಇದ್ದಕ್ಕಿದ್ದಂತೆ ಆಫ್ ಆಗದಿರಲೆಂದು ಅವುಗಳ ಪ್ರೊಸೆಸರಿನ ವೇಗ ತಗ್ಗಿಸಿದ್ದಾಗಿ ಆ್ಯಪಲ್ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಜನ ಸಿಟ್ಟಾದರು. ಬ್ಯಾಟರಿ ಬದಲಿಸುವ ದರವನ್ನು ಕಂಪನಿ 79 ಡಾಲರಿನಿಂದ 29ಕ್ಕೆ ಇಳಿಸಬೇಕಾಯಿತು. ಬಳಕೆದಾರರಿಗೆ ವಿಷಯ ತಿಳಿಸಲಿಲ್ಲವೆಂದು ಫ್ರಾನ್ಸ್ 2020ರಲ್ಲಿ 2.5 ಕೋಟಿ ಯೂರೊ ದಂಡ ಹಾಕಿತು. ಫೋನು ನಿಧಾನವಾಯಿತು, ಇನ್ನು ಹೊಸದೇ ಗತಿ ಎಂದುಕೊಂಡಿದ್ದ ಎಷ್ಟೋ ಜನರಿಗೆ ಬೇಕಿದ್ದದ್ದು ಹೊಸ ಬ್ಯಾಟರಿ ಅಷ್ಟೇ. ಆ ಮಾತನ್ನು ಅವರಿಗೆ ಮೊದಲೇ ಹೇಳಬೇಕಿತ್ತು.

ನನ್ನ ಫೋನನ್ನು ಮೊದಲು ಒಯ್ದದ್ದು ಅಧಿಕೃತ ಸರ್ವಿಸ್ ಸೆಂಟರಿಗೆ. "ಈ ಮಾಡೆಲ್‌ಗೆ ಪಾರ್ಟ್ಸ್ ಬರೋದು ನಿಂತುಹೋಗಿದೆ ಸರ್, ಎಕ್ಸ್‌ಚೇಂಜ್ ಮಾಡಿಬಿಡಿ" ಎಂದರು. ಅಲ್ಲಿಂದ ಹೊರಟು ಶಿವಮೊಗ್ಗದ ಬಸ್‌ಸ್ಟ್ಯಾಂಡ್ ಹತ್ತಿರ, ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದಷ್ಟು ಪುಟ್ಟ ಅಂಗಡಿಗೆ ಹೋದೆ. ಹುಡುಗ ಫೋನನ್ನು ಕಣ್ಣಿನ ಮಟ್ಟಕ್ಕೆ ಅಡ್ಡ ಹಿಡಿದು ನೋಡಿದ.

"ಬೋರ್ಡ್ ಚೆನ್ನಾಗಿದೆ ಅಣ್ಣ. ಬ್ಯಾಟ್ರಿ ಉಬ್ಬಿದೆ. ನೋಡಿ, ಬ್ಯಾಕ್ ಕವರ್ ಎದ್ದಿದೆ."

"ಒರಿಜಿನಲ್ ಸಿಗುತ್ತಾ?"

"ಒರಿಜಿನಲ್ ಅಂದ್ರೆ ಸುಳ್ಳು ಹೇಳ್ದಂಗಾಗುತ್ತೆ. ಒಳ್ಳೇದು ಹಾಕ್ತೀನಿ, ಆರು ತಿಂಗಳು ವಾರಂಟಿ ನಂದು."

ಬಿಸಿ ತಟ್ಟೆಯ ಮೇಲೆ ಫೋನನ್ನು ಹಿಂಬದಿ ತಗಲುವಂತೆ ಇಟ್ಟು ಅಂಟು ಮೆತ್ತಗಾಗಲು ಬಿಟ್ಟ. ಅಂಚಿನಲ್ಲಿ ತೆಳ್ಳನೆಯ ಪ್ಲಾಸ್ಟಿಕ್ ಬಿಲ್ಲೆ ತೂರಿಸಿ, ಅವಸರವಿಲ್ಲದೆ ಸುತ್ತಲೂ ಎಳೆದ. ಹಿಂಬದಿ ಬಿಟ್ಟುಕೊಂಡಿತು. ತೆಗೆದ ಸ್ಕ್ರೂಗಳನ್ನು ಅವು ಇದ್ದ ಜಾಗದ ಕ್ರಮದಲ್ಲೇ ಆಯಸ್ಕಾಂತದ ಹಾಳೆಯ ಮೇಲೆ ಜೋಡಿಸಿದ. ಒಂದಕ್ಕಿಂತ ಒಂದು ಕೂದಲೆಳೆ ಉದ್ದ, ಅದಲುಬದಲಾದರೆ ಬೋರ್ಡಿಗೇ ಚುಚ್ಚುತ್ತದಂತೆ. ಬ್ಯಾಟರಿಯ ಕನೆಕ್ಟರ್ ಬಿಡಿಸಿದ ಮೇಲೆಯೇ ಉಳಿದದ್ದಕ್ಕೆ ಕೈ ಹಾಕಿದ. ಉಬ್ಬಿದ ಬ್ಯಾಟರಿಯನ್ನು ಲೋಹದ ಚಿಮ್ಮಟದಿಂದ ಮುಟ್ಟಲೇ ಇಲ್ಲ. ಅಂಟಿನ ಪಕ್ಕದಲ್ಲಿ ಒಂದೆರಡು ಹನಿ ಸ್ಪಿರಿಟ್ ಬಿಟ್ಟು, ಅದು ತಾನಾಗಿ ಸಡಿಲವಾಗುವವರೆಗೂ ಕಾದ. ಚುಚ್ಚಿದರೆ ಹೊತ್ತಿಕೊಳ್ಳುವ ವಸ್ತು ಅದು. ಈ ಹುಡುಗರಿಗೆ ಯಾವ ಕಂಪನಿಯೂ ಕೈಪಿಡಿ ಕೊಟ್ಟಿಲ್ಲ. ನೋಡಿ, ಕೇಳಿ, ಕೆಟ್ಟ ಬೋರ್ಡುಗಳ ಮೇಲೆ ಕೈ ಪಳಗಿಸಿಕೊಂಡು ಕಲಿತ ವಿದ್ಯೆ. ಅದನ್ನು ನಾವು ಇನ್ನೂ ಹೆಚ್ಚು ಗೌರವದಿಂದ ಕಾಣಬೇಕೆಂದು ನನಗೆ ಬಲವಾಗಿ ಅನಿಸುತ್ತದೆ. ಫೋನು ಈಗ ರಾತ್ರಿ ಮಲಗುವವರೆಗೂ ಬರುತ್ತಿದೆ.

ಹಾಗೆಂದು ಎಲ್ಲವನ್ನೂ ಕೊನೆಯ ಉಸಿರಿನವರೆಗೆ ಬಳಸಿ ಎಂದು ನಾನು ಹೇಳುತ್ತಿಲ್ಲ. ಅಮ್ಮನ ಫೋನಿನ ವಿಷಯದಲ್ಲಿ ಎರಡನೆಯ ಯೋಚನೆಯನ್ನೇ ಮಾಡಲಿಲ್ಲ. ಅದರ ಬ್ಯಾಟರಿ, ಪರದೆ ಎಲ್ಲ ಸರಿಯಿತ್ತು. ಆದರೆ ಸೆಕ್ಯುರಿಟಿ ಅಪ್‌ಡೇಟ್ ಬರುವುದು ಯಾವಾಗಲೋ ನಿಂತಿತ್ತು. ಅಮ್ಮನ ಪಿಂಚಣಿ ಬರುವ ಖಾತೆ ಆ ಫೋನಿನಲ್ಲಿತ್ತು, ತರಕಾರಿಯವನಿಗೆ ಯುಪಿಐ ಮಾಡುತ್ತಿದ್ದದ್ದೂ ಅದರಿಂದಲೇ. ಹೊಸದಾಗಿ ಪತ್ತೆಯಾದ ದೋಷಗಳಿಗೆ ತೇಪೆ ಬೀಳದ ಫೋನಿನಲ್ಲಿ ಜೀವಮಾನದ ದುಡ್ಡಿನ ವ್ಯವಹಾರ ಬೇಡ. "ಚೆನ್ನಾಗೇ ಇದೆಯಲ್ಲೋ, ಯಾಕೆ ದುಡ್ಡು ದಂಡ?" ಎಂದು ಅಮ್ಮ ಬೇಜಾರು ಮಾಡಿಕೊಂಡರು. ಕೂರಿಸಿಕೊಂಡು ವಿವರಿಸಿದ ಮೇಲೆ ಒಪ್ಪಿದರು. ಹಳೆಯದರಿಂದ ಸಿಮ್ ತೆಗೆದು, ಬ್ಯಾಂಕಿನ ಆ್ಯಪ್ ಅಳಿಸಿ ಕೊಟ್ಟೆ. ಅದೀಗ ಅಡುಗೆಮನೆಯ ರೇಡಿಯೊ. ಸಿಕ್ಕಿಸಿದ ಇಯರ್‌ಫೋನಿನ ವೈರೇ ಅದಕ್ಕೆ ಆಂಟೆನಾ, ದನಿ ಸ್ಪೀಕರಿನಲ್ಲಿ.

ಅಂಗಡಿಯಲ್ಲಿ ನಾವೆಲ್ಲ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುತ್ತೇವೆ, ಅಪ್‌ಡೇಟ್ ಎಷ್ಟು ವರ್ಷ ಎಂದು ಕೇಳುವವರು ಕಡಿಮೆ. ಆದರೆ ಫೋನಿನ ಆಯುಷ್ಯ ನಿಂತಿರುವುದು ಅಪ್‌ಡೇಟಿನ ಮೇಲೆ. ಗೂಗಲ್ 2023ರಲ್ಲಿ ಪಿಕ್ಸೆಲ್ 8ಕ್ಕೆ, ಸ್ಯಾಮ್‌ಸಂಗ್ 2024ರಲ್ಲಿ ಎಸ್24ಕ್ಕೆ ಏಳು ವರ್ಷದ ಮಾತು ಕೊಟ್ಟವು. ಅವು ದುಬಾರಿ ಫೋನುಗಳು. ನಮ್ಮಲ್ಲಿ ಹೆಚ್ಚು ಜನ ಕೊಳ್ಳುವ ಅಗ್ಗದ ಫೋನುಗಳಿಗೆ ಅಷ್ಟು ದೀರ್ಘ ಭರವಸೆ ಸಾಮಾನ್ಯವಾಗಿ ಇರುವುದಿಲ್ಲ. ಅಂದರೆ ಕಡಿಮೆ ದುಡ್ಡಿರುವವರೇ ಮತ್ತೆ ಮತ್ತೆ ಕೊಳ್ಳಬೇಕು. ಇದು ನನಗೆ ನ್ಯಾಯವೆನಿಸುವುದಿಲ್ಲ. ಯುರೋಪಿನ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಮಾರುಕಟ್ಟೆಗೆ ಬರುವ ಫೋನುಗಳಿಗೆ, ಮಾರಾಟ ನಿಂತ ಮೇಲೂ ಐದು ವರ್ಷ ಅಪ್‌ಡೇಟ್, ಏಳು ವರ್ಷ ಬಿಡಿಭಾಗ ಸಿಗಬೇಕೆಂಬ ನಿಯಮವಿದೆ. ನಮ್ಮ ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ರಿಪೇರಿಯ ಹಕ್ಕಿಗಾಗಿ ಒಂದು ಪೋರ್ಟಲ್ ತೆರೆದಿದೆ. ಅದು ಒಳ್ಳೆಯ ಆರಂಭ, ಆದರೆ ಬಿಡಿಭಾಗ ಕೊಡಲೇಬೇಕೆಂಬ ಗಟ್ಟಿ ನಿಯಮವೂ ಬೇಕು. ರಿಪೇರಿಯಾಗದ ಸಾಧನ ಕೊನೆಗೆ ಸೇರುವುದು ಕಸಕ್ಕೇ: 2022ರಲ್ಲಿ ಜಗತ್ತಿನಲ್ಲಿ ಬಿದ್ದ ಇ-ತ್ಯಾಜ್ಯ 6.2 ಕೋಟಿ ಟನ್. ಸರಿಯಾದ ದಾರಿಯಲ್ಲಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಅದರ ಕಾಲುಭಾಗವೂ ಅಲ್ಲ.

ಕಂಪ್ಯೂಟರಿನ ಕಡೆಯೂ ಇದೇ ಮಾತು ನಡೆದಿದೆ. 2015ರಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಬಳಕೆಯವರು ಹೆಸರು ನೋಂದಾಯಿಸಿದರೆ ಆಮೇಲೂ ಒಂದು ವರ್ಷ ಭದ್ರತೆಯ ತೇಪೆ ಎಂಬ ಏರ್ಪಾಟನ್ನು ಕಂಪನಿ ಮಾಡಿತ್ತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೆಯ ತಲೆಮಾರಿನ ಪ್ರೊಸೆಸರು ಬೇಕು. ಅದಕ್ಕಿಂತ ಹಿಂದಿನ ಲ್ಯಾಪ್‌ಟಾಪುಗಳಲ್ಲಿ ಎಷ್ಟೋ ಇನ್ನೂ ಗಟ್ಟಿಯಾಗಿವೆ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಒಯ್ದು, ತಿರುಗುವ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್ ಹೆಚ್ಚಿಸಿ, ಲಿನಕ್ಸ್ ಹಾಕಿಕೊಂಡರೆ ಬರೆಯುವ ಓದುವ ಕೆಲಸಕ್ಕೆ ಆರಾಮಾಗಿ ಸಾಕು. ಆನ್ ಮಾಡಿ, ಕಾಫಿ ಮಾಡಿಕೊಂಡು ಬಂದರೂ ತೆರೆದುಕೊಳ್ಳದಿದ್ದ ಯಂತ್ರ ಕೂತ ಹಾಗೇ ಎದ್ದುಬರುವುದನ್ನು ನೋಡುವುದು ನಿಜಕ್ಕೂ ಖುಷಿಯ ವಿಷಯ.

ಆದರೆ ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕು ಇದೆ, ಅದರ ಬಗ್ಗೆ ಮಾತಾಡುವವರು ಕಡಿಮೆ. ನಮ್ಮ ಮೇಷ್ಟ್ರ ಮನೆಯಲ್ಲಿ ವಿಂಡೋಸ್ ಎಕ್ಸ್‌ಪಿಯ ಕಂಪ್ಯೂಟರ್ ಇದೆ. ಎಕ್ಸ್‌ಪಿಯ ಬೆಂಬಲ ನಿಂತದ್ದು 2014ರಲ್ಲಿ. ಮೇಷ್ಟ್ರ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ನುಡಿ, ಬರಹ, ಪುಟ ಜೋಡಿಸುವ ಪೇಜ್‌ಮೇಕರ್ ತಂತ್ರಾಂಶಗಳು ಇವೆ. ಅವರ ಪ್ರಬಂಧಗಳು, ಪಾಠದ ಟಿಪ್ಪಣಿಗಳು, ಗೆಳೆಯರಿಗೆ ಬರೆದ ಪತ್ರಗಳು ಎಲ್ಲ ಹಳೆಯ ಫಾಂಟಿನವು. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿಕೊಂಡಿದ್ದವು. ಆ ಫೈಲನ್ನು ಹೊಸ ಕಂಪ್ಯೂಟರಿನಲ್ಲಿ, ಆ ಫಾಂಟು ಇಲ್ಲದೆ ತೆರೆದರೆ 'ಕನ್ನಡ' ಎಂದಿರಬೇಕಾದಲ್ಲಿ ಮೊದಲಿಗೆ ಇಂಗ್ಲಿಷಿನ ಪಿ, ಪಕ್ಕದಲ್ಲಿ ತಲೆಯ ಮೇಲೆ ಗೀಟು ಹೊತ್ತ ಎ, ನಡುವೆ ಬ್ರಿಟನ್ನಿನ ಪೌಂಡಿನ ಗುರುತು ಕಾಣುತ್ತವೆ. ನಾಡಿನ ಡಿಟಿಪಿ ಅಂಗಡಿಗಳಲ್ಲಿ, ಸಣ್ಣ ಮುದ್ರಣಾಲಯಗಳಲ್ಲಿ ಇಂಥ ಹಳೆಯ ಕಂಪ್ಯೂಟರುಗಳು ಉಳಿದಿರುವುದು ಜಿಪುಣತನಕ್ಕಲ್ಲ. ಮರುಮುದ್ರಣವಾಗಬೇಕಾದ ಪುಸ್ತಕಗಳು ಅವುಗಳ ಹೊಟ್ಟೆಯಲ್ಲಿವೆ.

ಮೇಷ್ಟ್ರ ಮಗ ಬೆಂಗಳೂರಿನಿಂದ ಹೊಸ ಲ್ಯಾಪ್‌ಟಾಪ್ ತಂದುಕೊಟ್ಟಿದ್ದಾನೆ. ಮೇಷ್ಟ್ರು ಅದನ್ನು ತೆರೆದೂ ನೋಡಿಲ್ಲ. "ಅದರಲ್ಲಿ ನನ್ನದು ಅಂತ ಏನಿದೆಯಯ್ಯಾ?" ಎಂದರು. ಅವರ ಮಾತು ಸರಿ. ಆದರೆ ಹಳೆಯ ಹಾರ್ಡ್ ಡಿಸ್ಕು ಒಂದು ದಿನ ಕೆಟ್ಟು ಕೂತರೆ ಎಲ್ಲವೂ ಹೋಗುತ್ತದೆ. ಅದಕ್ಕೇ ಹಳೆಯ ಯಂತ್ರವನ್ನು ಇಂಟರ್ನೆಟ್ಟಿನಿಂದ ಬಿಡಿಸಿದೆ, ಡಿಸ್ಕಿನ ಇಡೀ ಪ್ರತಿಯನ್ನು ಎರಡು ಕಡೆ ಇಟ್ಟೆ. ಇನ್ನುಳಿದದ್ದು ಆ ಬರಹಗಳನ್ನು, ಹೊಸ ಕಂಪ್ಯೂಟರುಗಳೂ ಓದುವ ಯೂನಿಕೋಡಿಗೆ ತರುವ ಕೆಲಸ. ಪರಿವರ್ತಕ ತಂತ್ರಾಂಶಗಳು ಇವೆ, ಬಹುಪಾಲು ಸರಿಯಾಗಿಯೇ ಮಾಡುತ್ತವೆ. ಆದರೆ ಅರ್ಕಾವೊತ್ತು ಕೆಲವು ಕಡೆ ಜಾಗ ತಪ್ಪುತ್ತದೆ, ನಡುವೆ ಬಂದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ. ಒಂದೊಂದು ಪುಟವನ್ನೂ ಕಣ್ಣಿಟ್ಟು ಓದಲೇಬೇಕು. ಮುಂದಿನ ಭಾನುವಾರದಿಂದ ಕೂರುವುದೆಂದು ಮಾತಾಗಿದೆ. ಪ್ರಬಂಧಗಳಿಂದ ಶುರುಮಾಡೋಣ ಎನ್ನುತ್ತಾರೆ ಮೇಷ್ಟ್ರು. ಪ್ರಬಂಧಗಳು ಅಚ್ಚಾಗಿವೆ, ಎಲ್ಲಾದರೂ ಸಿಗುತ್ತವೆ, ಪತ್ರಗಳು ಮೊದಲು ಎನ್ನುವುದು ನನ್ನ ಹಟ.