ಬಂದೂಕಿನ ಮದ್ದು, ಬದಲಿ ಮದ್ದು

ಕೇಪಿನ ಬಂದೂಕು ಇಟ್ಟುಕೊಂಡವನಿಗೆ ಈಡು ಹಾರಿಸುವುದು ಕ್ಷಣದ ಕೆಲಸ, ಅದನ್ನು ತೊಳೆಯುವುದು ಒಂದು ಹೊತ್ತಿನ ಕೆಲಸ. ನನಗೆ ಆ ತೊಳೆಯುವ ಹೊತ್ತಿನ ಮೇಲೆಯೇ ಜೀವ. ಹರಿಹರದ ಆಚೆ ನಮ್ಮ ಹೊಲದ ಮನೆಯ ಹಿಂದೆ ಹಂಡೆಯಲ್ಲಿ ನೀರು ಮರಳುತ್ತಿರುತ್ತದೆ. ನಳಿಗೆಯನ್ನು ಮರದ ಹಿಡಿಯಿಂದ ಬಿಡಿಸಿ, ಬುಡವನ್ನು ಬಕೆಟ್ಟಿನೊಳಗೆ ನಿಲ್ಲಿಸಿ, ಗಜದ ತುದಿಗೆ ಹಳೆ ಪಂಚೆಯ ತುಂಡು ಸುತ್ತಿ ಮೇಲಕ್ಕೂ ಕೆಳಕ್ಕೂ ಆಡಿಸುತ್ತೇನೆ. ಗಜ ಮೇಲೆದ್ದಾಗ ಕೇಪು ಕೂರುವ ನಿಪ್ಪಲಿನ ಸಣ್ಣ ತೂತಿನಿಂದ ನೀರು ಒಳಕ್ಕೆ ಸೇದಿಕೊಳ್ಳುತ್ತದೆ, ಗಜ ಇಳಿದಾಗ ಅದೇ ತೂತಿನಿಂದ ಕಪ್ಪಗೆ ಚಿಮ್ಮುತ್ತದೆ. ಕೊಳೆತ ಮೊಟ್ಟೆಯ ವಾಸನೆ ಅಂಗಳ ತುಂಬುತ್ತದೆ. ನೀರು ಕಪ್ಪಿನಿಂದ ಬೂದಿಗೆ, ಬೂದಿಯಿಂದ ತಿಳಿಗೆ ತಿರುಗುವವರೆಗೆ ಕೈ ನಿಲ್ಲಿಸುವಂತಿಲ್ಲ. ಬಿಸಿ ನೀರಿಗೆ ಕಾದ ಕಬ್ಬಿಣ ತಾನಾಗಿಯೇ ಒಣಗುತ್ತದೆ. ಆಮೇಲೆ ಒಳಹೊರಗೆ ಎಣ್ಣೆ.

ಮನೆಯವರಿಗೆ ಆ ವಾಸನೆ ಹಿಡಿಸುವುದಿಲ್ಲ. ಆದರೆ ಅದು ಕರಿಮದ್ದಿನ ಗುರುತು. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದ ಈ ಹಳೆಯ ಮದ್ದು ಪೂರ್ತಿ ಗಾಳಿಯಾಗಿ ಹೋಗುವುದಿಲ್ಲ. ಸುಟ್ಟ ಮೇಲೆ ಅರ್ಧಕ್ಕಿಂತ ಹೆಚ್ಚು ಪಾಲು ಗಟ್ಟಿ ಪದಾರ್ಥವಾಗಿಯೇ ಉಳಿಯುತ್ತದೆ. ಒಂದಷ್ಟು ಬಿಳಿಹೊಗೆಯಾಗಿ ಹೊಲದ ಮೇಲೆ ತೇಲುತ್ತದೆ, ಇನ್ನೊಂದಷ್ಟು ನಳಿಗೆಯ ಒಳಮೈಗೆ ಕಿಟ್ಟವಾಗಿ ಅಂಟುತ್ತದೆ. ಆ ಕಿಟ್ಟ ಗಾಳಿಯ ತೇವ ಹೀರಿ ರಾತ್ರಿ ಬೆಳಗಾಗುವುದರೊಳಗೆ ಕಬ್ಬಿಣ ತಿನ್ನತೊಡಗುತ್ತದೆ. ಅದು ಉಪ್ಪಿನ ಜಾತಿ. ನೀರಿಗೆ ಕರಗುತ್ತದೆ, ಎಣ್ಣೆಗೆ ಜಪ್ಪಯ್ಯ ಅನ್ನುವುದಿಲ್ಲ.

ಬಂದೂಕು ನಮ್ಮ ತಂದೆಯವರದು. ಬೆಳೆ ಕಾವಲಿಗೆಂದು ಕೊಟ್ಟ ಲೈಸೆನ್ಸು ಅವರ ನಂತರ ನನ್ನ ಹೆಸರಿಗೆ ಬಂತು. ಒಂಟಿ ನಳಿಗೆ, ಬಾಯಿಯಿಂದಲೇ ಮದ್ದು ತುಂಬಬೇಕು. ಮೆಕ್ಕೆಜೋಳ ತೆನೆಗಟ್ಟುವ ಕಾಲಕ್ಕೆ ಹಂದಿಗಳ ಹಿಂಡು ಇಳಿಯುತ್ತದೆ. ಚರೆ ಹಾಕದೆ ಬರೀ ಮದ್ದು ತುಂಬಿ ಆಕಾಶಕ್ಕೆ ಒಂದು ಹುಸಿ ಈಡು ಬಿಟ್ಟರೆ ಆ ರಾತ್ರಿಗೆ ಸಾಕು. 1972ರ ವನ್ಯಜೀವಿ ಕಾಯ್ದೆ ಇರುವ ದೇಶದಲ್ಲಿ ಪ್ರಾಣಿಯ ಮೈಗೆ ಗುರಿಯಿಡುವ ಆಸೆ ನನಗಿಲ್ಲ. ಸದ್ದು, ಹೊಗೆ, ತುಂಬುವ ಕ್ರಮ, ತೊಳೆಯುವ ಕ್ರಮ, ಇಷ್ಟಕ್ಕೇ ಮನಸ್ಸು ತುಂಬುತ್ತದೆ. ಚುನಾವಣೆ ಬಂದರೆ ಬಂದೂಕು ಠಾಣೆಗೆ ಹೋಗುತ್ತದೆ. 2023ರ ಮೇನಲ್ಲೂ 2024ರ ಮೇನಲ್ಲೂ ಹೋಗಿತ್ತು. ಕೊಡುವ ಮುಂಚೆ ದಪ್ಪಗೆ ಎಣ್ಣೆ ಬಳಿದು ಕೊಡುವುದು ನನ್ನ ಪದ್ಧತಿ.

ತುಂಬುವುದನ್ನು ಹತ್ತಿರದಿಂದ ನೋಡಬೇಕು. ಹಿತ್ತಾಳೆಯ ಅಳತೆಯಲ್ಲಿ ತೆಗೆದ ಮದ್ದನ್ನು ನಳಿಗೆಯ ಬಾಯಿಗೆ ಸುರಿದಾಗ ಅದು ಸರಸರನೆ ಇಳಿಯುವುದು ಕೇಳಿಸುತ್ತದೆ. ಕಾಳು ಚೆನ್ನಾಗಿದ್ದರೆ ಮಾತ್ರ ಆ ಸದ್ದು ಹಾಗಿರುತ್ತದೆ, ಪುಡಿಯಾಗಿದ್ದರೆ ಮಂಕಾಗಿರುತ್ತದೆ. ಮೇಲೆ ತೆಂಗಿನ ನಾರಿನ ಉಂಡೆ. ಗಜದಿಂದ ಮೆಲ್ಲಗೆ ಒತ್ತಬೇಕು, ಕುಟ್ಟಬಾರದು. ಕೊನೆಯಲ್ಲಿ, ಎಲ್ಲ ಆದ ಮೇಲೆ, ನಳಿಗೆಯನ್ನು ಬಯಲಿನ ಕಡೆ ತಿರುಗಿಸಿಕೊಂಡು ಕೇಪು. ಕುದುರೆ ಬಿದ್ದಾಗ ಮೊದಲು ಕೇಪಿನ ಟಪ್, ಅದರ ಬೆನ್ನಿಗೇ ಒಂದು ತುಂಬು ಗಂಟಲಿನ ಧಡ್. ಬಂದೂಕು ಹೆಗಲನ್ನು ಗುದ್ದುವುದಿಲ್ಲ, ನೂಕುತ್ತದೆ. ಈ ಕೇಪಿನ ಉಪಾಯದ ಬೇರು ಒಬ್ಬ ಹಕ್ಕಿಬೇಟೆಯ ಹುಚ್ಚಿನ ಪಾದ್ರಿಯಲ್ಲಿದೆ. ಸ್ಕಾಟ್‌ಲೆಂಡಿನ ಅಲೆಕ್ಸಾಂಡರ್ ಫೋರ್ಸಿತ್. ಚಕಮಕಿ ಕಲ್ಲಿನ ಕಿಡಿ ಕಂಡೊಡನೆ ಬಾತುಗಳು ಹಾರಿಬಿಡುತ್ತಿದ್ದವೆಂದು ಬೇಸತ್ತು, ಪೆಟ್ಟಿಗೆ ಸಿಡಿಯುವ ರಾಸಾಯನಿಕದಿಂದ ಮದ್ದು ಹೊತ್ತಿಸುವ ಬಗೆ ಕಂಡುಹಿಡಿದು 1807ರಲ್ಲಿ ಪೇಟೆಂಟ್ ಪಡೆದರು. ನಮ್ಮ ಕೇಪು ಅದರ ಮರಿಮಗು.

ಕಾಳಿನ ಮಾತು ಬಂತಲ್ಲ, ಅದೇ ಈ ಹವ್ಯಾಸದ ಅರ್ಧ ವಿದ್ಯೆ. ಒಂದೇ ಮದ್ದು ಉಪ್ಪಿಟ್ಟಿನ ರವೆಯಷ್ಟು ದಪ್ಪ ಕಾಳಾಗಿಯೂ ಬರುತ್ತದೆ, ಚಿರೋಟಿ ರವೆಯಷ್ಟು ಸಣ್ಣದಾಗಿಯೂ ಬರುತ್ತದೆ. ಸಣ್ಣ ಕಾಳು ಬೇಗ ಉರಿಯುತ್ತದೆ, ಒತ್ತಡ ಬೇಗ ಏರುತ್ತದೆ. ದಪ್ಪ ಕಾಳು ನಿಧಾನ. ದೊಡ್ಡ ಬಾಯಿಯ ಹಳೆ ಬಂದೂಕಿಗೆ ದಪ್ಪದ್ದೇ ಹಿತ. ಮದ್ದು ಬರೀ ಬೆಂಕಿಯಲ್ಲ, ಬೆಂಕಿಯ ವೇಗವನ್ನು ಹದದಲ್ಲಿ ಹಿಡಿದಿಟ್ಟದ್ದು. ಬದಲಿ ಮದ್ದಿನ ಪ್ರಶ್ನೆ ಬಂದಾಗಲೆಲ್ಲ ನಾನು ಮೊದಲು ಕೇಳುವುದು ಆ ಹದವನ್ನೇ.

ನಮ್ಮ ಸೀಮೆಗೆ ಈ ಹದ ಹೊಸದಲ್ಲ. ದಾವಣಗೆರೆ 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಆ ದುರ್ಗದ ಕೋಟೆಯೊಳಗೆ ಮದ್ದು ಬೀಸುವ ಕಲ್ಲುಗಳನ್ನು ನೋಡದೆ ನಾನು ಕೋಟೆಯಿಂದ ಇಳಿಯುವುದಿಲ್ಲ. ಒಂದು ಗುಂಡಿಯಲ್ಲಿ ನಾಲ್ಕು ಭಾರಿ ಬೀಸುಕಲ್ಲುಗಳು. ಮನುಷ್ಯರು ತಿರುಗಿಸುವ ಮಾತಿಲ್ಲ, ಪ್ರಾಣಿಗಳನ್ನೇ ಹೂಡಬೇಕು. ಆ ಕಾಲದ ಮದ್ದಿನ ಕೆಲಸ ಎಷ್ಟು ದೊಡ್ಡದಿತ್ತೆಂದು ಕಲ್ಲಿನ ಸುತ್ತಳತೆಯೇ ಹೇಳುತ್ತದೆ. ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಪಾಳುಬಾವಿಯೊಂದರಲ್ಲಿ 2018ರಲ್ಲಿ ಮೈಸೂರು ಸುಲ್ತಾನರ ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಸಿಕ್ಕವು. ಅಗೆಯುವಾಗ ಬಾವಿಯ ಮಣ್ಣು ಮದ್ದಿನ ವಾಸನೆ ಹೊಡೆಯುತ್ತಿತ್ತಂತೆ. ಇನ್ನೂರು ವರ್ಷ ದಾಟಿದ ವಾಸನೆ!

ಹರಿಹರದವರಿಗೆ ಇನ್ನೂ ಹತ್ತಿರದ ನೆನಪು ಇರಬೇಕಿತ್ತು, ಆದರೆ ಯಾರೂ ಮಾತಾಡುವುದಿಲ್ಲ. 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ದೇವಾಲಯ ಎಲ್ಲರಿಗೂ ಗೊತ್ತು. ಊರಿನ ವಾಯವ್ಯಕ್ಕೆ ಒಂದು ದಂಡು ಇತ್ತು, 1865ರವರೆಗೂ ಅಲ್ಲಿ ದೇಶೀ ಸಿಪಾಯಿಗಳ ರೆಜಿಮೆಂಟ್ ಬೀಡುಬಿಟ್ಟಿತ್ತು ಎಂಬುದು ಗೆಜೆಟಿಯರ್ ಓದಿದವರಿಗಷ್ಟೇ ಗೊತ್ತು. ಬ್ರಿಟಿಷ್ ಸೈನ್ಯ ಹಿಂಬದಿಯಿಂದ ತುಂಬುವ ಬಂದೂಕಿಗೆ ಬದಲಾದದ್ದು 1866ರ ನಂತರ. ಅಂದರೆ ತುಂಗಭದ್ರೆಯ ದಂಡೆಯ ಆ ಸಿಪಾಯಿಗಳು ಕೊನೆಯ ದಿನದವರೆಗೂ ಬಾಯಿಯಿಂದಲೇ ಮದ್ದು ತುಂಬಿದವರು. ಆ ಪಹರೆಯ ಹೊಗೆ ನದಿಯ ಮೇಲೆ ತೇಲಿದ್ದನ್ನು ಊಹಿಸಿಕೊಂಡರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಊರಿನ ಹಳೆಯ ಸೇತುವೆ ಮುಗಿದದ್ದೂ ರೆಜಿಮೆಂಟ್ ಹೋದ ಮೇಲೆ, 1868ರಲ್ಲಿ.

ಇನ್ನು ಬದಲಿ ಮದ್ದು. ನನ್ನ ಅಕ್ಕನ ಮಗ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿದ್ದಾನೆ. ಮಾವನ ಬಂದೂಕು ತೊಳೆಯುವುದನ್ನು ನೋಡುತ್ತ ಬೆಳೆದವನು, ಅಲ್ಲಿ ಹೋಗಿ ತಾನೂ ಒಂದು ಕೊಂಡ. ಆ ರಾಜ್ಯದಲ್ಲಿ 1974ರಿಂದ ಚಕಮಕಿ ಕಲ್ಲಿನ ಬಂದೂಕಿಗೆಂದೇ ಜಿಂಕೆ ಬೇಟೆಯ ಪ್ರತ್ಯೇಕ ಋತುವಿದೆ, ಕ್ರಿಸ್‌ಮಸ್ ಮುಗಿದ ಮೇಲೆ, ಹಿಮದಲ್ಲಿ. ಅಲ್ಲಿ ಅಸಲಿ ಕರಿಮದ್ದು ಇಡುವ ಅಂಗಡಿ ಹುಡುಕಬೇಕು. ಕಾನೂನು ಅದನ್ನು ಸ್ಫೋಟಕವೆಂದು ಎಣಿಸುವುದರಿಂದ ದಾಸ್ತಾನಿಗೆ ಕಟ್ಟುನಿಟ್ಟು ಹೆಚ್ಚು, ಬಹಳ ಅಂಗಡಿಗಳು ಅದರ ಗೋಜಿಗೇ ಹೋಗುವುದಿಲ್ಲ. ಬದಲಿ ಮದ್ದುಗಳು ಹುಟ್ಟಿದ್ದು ಆ ಸಂದಿಯಲ್ಲಿ. ಡ್ಯಾನ್ ಪಾವ್ಲಾಕ್ ಎಂಬವರು ರೂಪಿಸಿದ ಪೈರೋಡೆಕ್ಸ್ 1976ರ ಹೊತ್ತಿಗೆ ಪೇಟೆಗೆ ಬಂತು. ಮರುವರ್ಷವೇ ತಮ್ಮ ಕಾರ್ಖಾನೆಯ ಬೆಂಕಿ ಅನಾಹುತದಲ್ಲಿ ಅವರು ತೀರಿಕೊಂಡರು. ಸುಲಭದ ಮದ್ದು ಮಾಡಹೊರಟವರನ್ನೂ ಮದ್ದು ಬಿಡಲಿಲ್ಲ.

ಹುಡುಗ ಫೋನಿನಲ್ಲಿ ಒಂದೊಂದನ್ನೂ ವರ್ಣಿಸುತ್ತಾನೆ, ನಾನು ಕೇಳುತ್ತೇನೆ. ಪೈರೋಡೆಕ್ಸ್ ಕರಿಮದ್ದಿಗಿಂತ ಹಗುರ, ಹಾಗಾಗಿ ತಕ್ಕಡಿಯಲ್ಲಿ ತೂಗಬಾರದು, ಕರಿಮದ್ದಿನ ಅಳತೆಪಾತ್ರೆಯಲ್ಲೇ ಅಳೆಯಬೇಕು. ಕಿಟ್ಟ ಕಡಿಮೆ. ಆದರೆ ಅದರಲ್ಲಿ ಪರ್ಕ್ಲೋರೇಟ್ ಇರುವುದರಿಂದ ತೊಳೆಯದೆ ಬಿಟ್ಟರೆ ತುಕ್ಕು ಕರಿಮದ್ದಿಗಿಂತ ಕೆಟ್ಟದಾಗಿ ಹಿಡಿಯುತ್ತದೆ. ಟ್ರಿಪಲ್ ಸೆವೆನ್‌ನಲ್ಲಿ ಗಂಧಕವೇ ಇಲ್ಲ, ಮೊಟ್ಟೆಯ ವಾಸನೆಯಿಲ್ಲ, ನೀರಿಗೆ ಸಲೀಸಾಗಿ ಬಿಡುತ್ತದೆ. ಶಕ್ತಿ ಮಾತ್ರ ಹೆಚ್ಚು. ಕರಿಮದ್ದಿನ ಅಳತೆಗಿಂತ ಶೇಕಡ 15ರಷ್ಟು ಕಡಿಮೆ ಹಾಕಬೇಕು. ಬ್ಲ್ಯಾಕ್‌ಹಾರ್ನ್ 209 ಇನ್ನೂ ಸ್ವಚ್ಛ, ಆದರೆ ನನ್ನಂಥವರ ಸಣ್ಣ ಕೇಪು ಅದನ್ನು ಹೊತ್ತಿಸಲಾರದು, ಹೊಸ ಬಂದೂಕಿನ ಬಲವಾದ ಪ್ರೈಮರೇ ಬೇಕು. ಇವೆಲ್ಲಕ್ಕೂ ಹೊತ್ತಿಕೊಳ್ಳಲು ಕರಿಮದ್ದಿಗಿಂತ ಹೆಚ್ಚಿನ ಬಿಸಿ ಬೇಕು. ಚಕಮಕಿ ಕಲ್ಲಿನ ಬಂದೂಕಿಗಂತೂ ಇವು ಒಗ್ಗುವುದೇ ಇಲ್ಲ. ಬಟ್ಟಲಿನಲ್ಲಿ ಕಿಡಿ ಬೀಳುತ್ತದೆ, ಒಳಗಿನ ಮದ್ದು ಯೋಚಿಸುತ್ತ ಕೂರುತ್ತದೆ, ಜಿಂಕೆ ಹೋಗಿರುತ್ತದೆ. ಕೊನೆಗೆ ಹುಡುಗ ದೂರದ ಊರಿಗೆ ಕಾರು ಓಡಿಸಿ ಅಸಲಿ ಕರಿಮದ್ದನ್ನೇ ತಂದ. ನನಗೆ ಖುಷಿಯಾಯಿತು ಎಂದು ಬೇರೆ ಹೇಳಬೇಕಿಲ್ಲ. ಇವುಗಳಲ್ಲಿ ಒಂದನ್ನು ಆರಿಸಲೇಬೇಕೆಂದರೆ, ಗಟ್ಟಿಯಾದ ಕೇಪಿನ ಬಂದೂಕಿಗೆ ಪೈರೋಡೆಕ್ಸ್ ಅನ್ನುತ್ತೇನೆ, ಅದರ ನಡೆ ಹಳೆಯ ಮದ್ದಿಗೆ ಹತ್ತಿರ.

ಆದರೆ ನಮ್ಮಲ್ಲಿ ಬದಲಿ ಮದ್ದು ಅಂದರೆ ಡಬ್ಬಿಯ ಮೇಲೆ ಹೆಸರಿರುವ ಪದಾರ್ಥವಲ್ಲ. ಲೈಸೆನ್ಸು ಇರುವ ಅಂಗಡಿಯಲ್ಲಿ ಮದ್ದು ಸಿಗದ ದಿನ ಹಳ್ಳಿಯಲ್ಲಿ ಯಾರೋ ಒಬ್ಬರು ಹೇಳಿಕೊಡುವ ದಾರಿ. ಬೆಂಕಿಕಡ್ಡಿಯ ತಲೆ ಕೆರೆದು ಹಾಕು, ದೀಪಾವಳಿಯ ಪಟಾಕಿ ಬಿಚ್ಚಿ ಹಾಕು, ಹೊಸ ತೋಟಾ ಒಡೆದು ಅದರ ಮದ್ದು ಹಾಕು. ಈ ಮೂರೂ ಕೈ ಕಣ್ಣು ಕಳೆಯುವ ದಾರಿಗಳು. ಬೆಂಕಿಕಡ್ಡಿಯ ಮದ್ದಿನಲ್ಲಿ ಕ್ಲೋರೇಟ್ ಇದೆ, ಉಜ್ಜಿದರೆ ಹೊತ್ತುವುದೇ ಅದರ ಹುಟ್ಟುಗುಣ, ಗಜ ಒತ್ತುವ ಕೈ ನಳಿಗೆಯ ಬಾಯಿಯ ಮೇಲೆಯೇ ಇರುತ್ತದೆ. ಸದ್ದಿನ ಪಟಾಕಿಯ ಅಲ್ಯೂಮಿನಿಯಂ ಮದ್ದು ನೂಕುವುದಕ್ಕೆ ಹುಟ್ಟಿದ್ದಲ್ಲ, ಸೀಳುವುದಕ್ಕೆ ಹುಟ್ಟಿದ್ದು.

ಮೂರನೆಯದು, ತೋಟಾದ ಹೊಗೆಯಿಲ್ಲದ ಮದ್ದು, ನೋಡುವುದಕ್ಕೆ ಎಲ್ಲಕ್ಕಿಂತ ಸಭ್ಯ. ಅದರ ಕಥೆ ದಾವಣಗೆರೆಯವರಿಗೆ ವಿಶೇಷವಾಗಿ ಹೇಳಬೇಕು. ನಮ್ಮದು ಹತ್ತಿ ಗಿರಣಿಗಳ ಊರು. ಕಾಟನ್ ಮಿಲ್ ಮುಚ್ಚಿದರೂ ಡಿ.ಸಿ.ಎಂ. ಟೌನ್‌ಶಿಪ್ ಎಂಬ ಹೆಸರು ಉಳಿದಿದೆ. 1846ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನ ಶೋನ್‌ಬೈನ್ ಎಂಬ ಪ್ರಾಧ್ಯಾಪಕರು ಹತ್ತಿಯನ್ನು ಆಮ್ಲದಲ್ಲಿ ಅದ್ದಿ ಸ್ಫೋಟಕ ಮಾಡಬಹುದೆಂದು ತೋರಿಸಿದರು. ಅದನ್ನು ಪಳಗಿಸಿ ಬಂದೂಕಿಗೆ ಹೊಂದಿಸಲು ಇನ್ನೂ ಸುಮಾರು ನಾಲ್ಕು ದಶಕ ಬೇಕಾಯಿತು. 1884ರಲ್ಲಿ ಫ್ರಾನ್ಸಿನ ಪೌಲ್ ವಿಯೆಯ್ ಅದನ್ನು ಸಾಧಿಸಿದರು. ಮಿಲ್ಲಿನ ನೂಲಾಗಲಿ, ಹರಿಹರದ ಹೊಳೆಯಾಚೆ ಕುಮಾರಪಟ್ಟಣದ ಪಾಲಿಫೈಬರ್ಸ್ ತಯಾರಿಸುವ ರೇಯಾನಿನ ತಿರುಳಾಗಲಿ, ಮೂಲದಲ್ಲಿ ಅದೇ ಸೆಲ್ಯುಲೋಸ್. ಕರಿಮದ್ದು ಒತ್ತಡ ಏರಿದರೂ ತನ್ನ ಉರಿಯುವ ವೇಗವನ್ನು ಅಷ್ಟಾಗಿ ಏರಿಸಿಕೊಳ್ಳುವುದಿಲ್ಲ. ಹೊಗೆಯಿಲ್ಲದ ಮದ್ದು ಹಾಗಲ್ಲ, ಒತ್ತಡ ಏರಿದಷ್ಟೂ ವೇಗ, ವೇಗ ಏರಿದಷ್ಟೂ ಒತ್ತಡ. ಅಳತೆಪಾತ್ರೆ ಒಂದೇ, ಒತ್ತಡ ಹಲವು ಪಟ್ಟು. ಅದಕ್ಕೆಂದೇ ಗಟ್ಟಿ ಉಕ್ಕಿನಲ್ಲಿ ಮಾಡಿದ ಹೊಸ ಬಂದೂಕು ತಡೆಯುತ್ತದೆ. ನಮ್ಮ ಅಪ್ಪಂದಿರ ಮೃದು ಕಬ್ಬಿಣದ ನಳಿಗೆ ಬಾಳೆಹೂವಿನಂತೆ ಬಿಚ್ಚಿಕೊಳ್ಳುತ್ತದೆ, ಅದೂ ಎಡಗೈ ಹಿಡಿದಿರುವ ಜಾಗದಲ್ಲಿ.

ಇತ್ತೀಚೆಗೆ ಕಾರ್ಬೈಡ್ ಪೈಪು ಬಂದಿದೆ, ಮಂಗ ಓಡಿಸಲು. ಬಂದೂಕಲ್ಲ, ಲೈಸೆನ್ಸು ಬೇಡ, ಅಗ್ಗ ಎಂದು ಜನ ಮುಗಿಬಿದ್ದರು. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಎಷ್ಟೊಂದು ಮಕ್ಕಳ ಕಣ್ಣು ಇದರಿಂದ ಹೋಯಿತೆಂಬುದನ್ನು ಪತ್ರಿಕೆಯಲ್ಲಿ ಓದಿದ ಮೇಲೆ ಅದನ್ನು ಹೊಲಕ್ಕೆ ಬಿಟ್ಟುಕೊಂಡಿಲ್ಲ.

ಕೊಡಗಿನವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅಲ್ಲಿ ಕೋವಿ ಮನೆಯ ಹಿರಿಯನಂತೆ ಇರುತ್ತದೆ. ಸೆಪ್ಟೆಂಬರಿನ ಕೈಲ್‌ಪೊಳ್ದಿನಲ್ಲಿ ಹೂ ಮುಡಿಸಿ ಪೂಜಿಸುತ್ತಾರೆ, ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಪಂದ್ಯ ಆಡುತ್ತಾರೆ, ಹುತ್ತರಿಯ ರಾತ್ರಿ ಕದಿರು ಕೊಯ್ಯುವ ಗಳಿಗೆಗೆ ಈಡು ಹಾರುತ್ತದೆ. ಬಯಲುಸೀಮೆಯ ನಮಗೆ ಅಂಥ ಹಬ್ಬವಿಲ್ಲ. ನಮ್ಮ ಬಂದೂಕು ಹೊಲದ ಆಳು. ಇದ್ದಷ್ಟು ದಿನ ಅದರ ಯೋಗಕ್ಷೇಮ ನಾವೇ ನೋಡಿಕೊಳ್ಳಬೇಕು.

ಹಾಗಾಗಿ ನನ್ನ ತೀರ್ಮಾನ ಗಟ್ಟಿ. ಹಳೆಯ ಬಂದೂಕಿಗೆ ಲೈಸೆನ್ಸಿನ ಅಂಗಡಿಯ ಅಸಲಿ ಕರಿಮದ್ದು, ಅದು ಸಿಗದಿದ್ದರೆ ಏನೂ ಇಲ್ಲ. ಆ ವರ್ಷ ಹಂದಿಗೆ ಡಬ್ಬ ಬಡಿಯೋಣ, ದೀಪ ಕಟ್ಟೋಣ.

ಓದುವವರಲ್ಲಿ ಒಂದು ಮಾತು. ನಿಮ್ಮ ಅಟ್ಟದಲ್ಲೋ ತೊಲೆಯ ಮೇಲೋ ತಾತನ ಕಾಲದ ಇಂಥ ಬಂದೂಕು ಇದ್ದರೆ, ಕೇಪಿಲ್ಲ ಎಂದು ಖಾಲಿ ಅಂದುಕೊಳ್ಳಬೇಡಿ. ತುಂಬಿದ ಈಡು ಹಾಗೇ ಉಳಿದುಬಿಟ್ಟಿರುವ ಬಂದೂಕುಗಳು ಎಷ್ಟೋ ಇವೆ. ಒಣಗಿದ್ದರೆ ಕರಿಮದ್ದು ಎಷ್ಟು ವರ್ಷವಾದರೂ ಸಾಯುವುದಿಲ್ಲ. ಕುದುರೆಯನ್ನೂ ಟ್ರಿಗರನ್ನೂ ಮುಟ್ಟದೆ, ಮುಖವನ್ನು ಬಾಯಿಯ ಎದುರಿಗೆ ತರದೆ, ಗಜವನ್ನು ಮೆಲ್ಲಗೆ ಇಳಿಸಿ ಬಾಯಿಯ ಮಟ್ಟದಲ್ಲಿ ಗುರುತು ಮಾಡಿ. ಹೊರತೆಗೆದು ಅದೇ ಗಜವನ್ನು ನಳಿಗೆಯ ಹೊರಮೈಗೆ ಹಿಡಿದು ನೋಡಿ. ಗಜದ ತುದಿ ನಿಪ್ಪಲಿನ ಹತ್ತಿರದವರೆಗೂ ಬಂದರೆ ಖಾಲಿ. ನಾಲ್ಕು ಬೆರಳು ಮೊದಲೇ ನಿಂತರೆ ಒಳಗೆ ಏನೋ ಇದೆ. ಅದನ್ನು ನೀವು ತೆಗೆಯಲು ಹೋಗಬೇಡಿ. ಠಾಣೆಗೆ ತಿಳಿಸಿ, ಲೈಸೆನ್ಸಿರುವ ಬಂದೂಕು ರಿಪೇರಿಯವರ ಕೈಯಲ್ಲೇ ತೆಗೆಸಿ.