ಕೂಡುದನಿ

ಯಲಬುರ್ಗಾದ ತರುಣನೊಬ್ಬನು ಹಳೆಯ ಎಲೆಕ್ಟ್ರಿಕ್ ಗಿಟಾರಿನ ಎರಡು ಪಿಕಪ್ಪುಗಳನ್ನೂ ಸ್ವಿಚ್ಚನ್ನೂ ಮೊದಲ ಬಾರಿಗೆ ತಾನೇ ಬೆಸೆಯಲು ಕುಳಿತನು. ಕೆಟ್ಟರೆ ಮತ್ತೊಂದನ್ನು ಕೊಳ್ಳುವ ಶಕ್ತಿ ಆ ಮನೆಗಿರಲಿಲ್ಲ. ಆದುದರಿಂದ, ಯಾವ ತಂತಿ ಎಲ್ಲಿತ್ತೆಂಬುದನ್ನು ಮೊದಲೇ ಬರೆದಿಟ್ಟುಕೊಂಡನು.

ಪಿಕಪ್ಪೆಂದರೆ ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ಸುತ್ತಿದ ನವುರಾದ ತಾಮ್ರದ ತಂತಿ. ಮೇಲಿನ ಉಕ್ಕಿನ ತಂತಿ ಮಿಡಿದಾಗ ಅದರಲ್ಲಿ ವಿದ್ಯುತ್ತು ಹುಟ್ಟುತ್ತದೆ. ಯಾವ ಪಿಕಪ್ಪು ನುಡಿಯಬೇಕೆಂಬುದನ್ನು ಸ್ವಿಚ್ಚು ನಿರ್ಧರಿಸುತ್ತದೆ. 1954ರ ಸ್ಟ್ರಾಟೊಕಾಸ್ಟರ್ ಗಿಟಾರಿನ ಸ್ವಿಚ್ಚಿಗೆ ಮೂರೇ ನೆಲೆಗಳಿದ್ದವು. ವಾದಕರು ಅದನ್ನು ನಡುವೆ ಸಿಕ್ಕಿಸಿ ಎರಡರ ಕೂಡುದನಿಯನ್ನು ಪಡೆಯುತ್ತಿದ್ದರು. ಐದು ನೆಲೆಗಳ ಸ್ವಿಚ್ಚು ಬಂದುದು 1977ರಲ್ಲಿ.

ತರುಣನ ಬೆಸುಗೆ ಮುಗಿಯಿತು. ಒಂದೊಂದೇ ಪಿಕಪ್ಪು ಸೊಗಸಾಗಿ ನುಡಿಯಿತು; ಕೂಡಿದಾಗ ಮಾತ್ರ ದನಿ ಬಡವಾಯಿತು. ಬೇರೆ ಬೇರೆ ಇದ್ದಾಗ ಸಜ್ಜನರು, ಒಂದೇ ಸೂರಿನಡಿ ಕಾದಾಡುವ ಅಣ್ಣತಮ್ಮಂದಿರು! ಒಂದರ ಅಲೆ ಏರುವಾಗ ಇನ್ನೊಂದರದು ಇಳಿಯುತ್ತಿತ್ತು. ಅವನು ಒಂದು ಪಿಕಪ್ಪಿನ ಎರಡು ತಂತಿಗಳನ್ನು ಅದಲುಬದಲು ಮಾಡಿದನು. ಮನೆ ತುಂಬ ನಾದವೆದ್ದಿತು.